ಒತ್ತಬೇಡಿ ಅಂದವರೇ ಒತ್ತಿ ಅಂದರು

ತಿ. ನರಸೀಪುರದ ಬಸ್ ಸ್ಟ್ಯಾಂಡ್ ಹಿಂದೆ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಗೋಡೆಗೆ ಅಂಟಿಸಿದ ಸ್ಕ್ಯಾನರ್‌ಗೆ ಫೋನ್ ಹಿಡಿದು ಗಿರಾಕಿಗಳು ದುಡ್ಡು ಹಾಕುತ್ತಾರೆ. ಹೋದ ವರ್ಷ ಆ ಸ್ಕ್ಯಾನರ್ ಕೊಟ್ಟ ಪೇಮೆಂಟ್ ಕಂಪನಿಯ ಹೆಸರಲ್ಲಿ ಒಂದು ಮೇಲ್ ಬಂತು. ಲಿಂಕ್ ಒತ್ತದಿದ್ದರೆ ಖಾತೆ ಬಂದ್ ಆಗುತ್ತದಂತೆ. ಮೋಸ ಅಂತ ನೋಡಿದ ಕೂಡಲೇ ಗೊತ್ತಾಯಿತು. ಬೇರೆಯವರಾದರೂ ಬಚಾವಾಗಲಿ ಎಂದು ಅದನ್ನು ಕಂಪನಿಗೇ ಕಳಿಸಿ ದೂರು ಕೊಟ್ಟೆ. ಮಾರನೆಯ ದಿನ, ಸುರಕ್ಷತೆಗಾಗಿ ಅಂತ ಹೇಳಿ, ಅವರು ನನ್ನ ಖಾತೆಯನ್ನೇ ತಡೆಹಿಡಿದರು!

ಫೋನ್ ಮಾಡಿದರೆ ಕನ್ನಡಕ್ಕೆ ಎರಡು ಒತ್ತಿ ಅಂತ ಮಷಿನ್ ಹೇಳಿತು. ಒತ್ತಿದೆ. ಅರ್ಧ ಗಂಟೆ ಸಂಗೀತ ಕೇಳಿಸಿ ಲೈನ್ ಕಟ್ ಆಯಿತು. ನಾಲ್ಕು ದಿನ ಇದೇ ಪಾಡು. ಹಬ್ಬದ ಬ್ಲೌಸುಗಳ ದುಡ್ಡೆಲ್ಲ ಅಲ್ಲೇ ಸಿಕ್ಕಿಕೊಂಡಿತ್ತು. ಐದನೆಯ ದಿನ ಇನ್ನೊಂದು ಮೇಲ್ ಬಂತು: ಖಾತೆ ತೆರೆಯಲು ಈ ಲಿಂಕ್ ಒತ್ತಿ. ಇದು ಅಸಲಿಯೋ ನಕಲಿಯೋ ಹೇಗೆ ತಿಳಿಯುವುದು? ಮೈಯೆಲ್ಲ ಉರಿಯಿತು.

ಮೈಸೂರಿನ ಅವರ ಆಫೀಸಿಗೇ ಹೋದೆ.

"ಆ ಮೇಲ್ ನಾವೇ ಕಳಿಸಿದ್ದು ಮೇಡಂ, ಒತ್ತಿದ್ರೆ ಮುಗೀತಿತ್ತಲ್ಲ," ಅಂದ ಅಲ್ಲಿದ್ದವನು.

"ಲಿಂಕ್ ಒತ್ತಬೇಡಿ ಅಂತ ದಿನಾ ಮೆಸೇಜ್ ಹಾಕೋರೂ ನೀವೇ ಕಣ್ರೀ!" ಅಂತ ಕೂಗಿದೆ.

ಆಫೀಸೆಲ್ಲ ತಿರುಗಿ ನೋಡಿತು. ಹತ್ತೇ ನಿಮಿಷದಲ್ಲಿ ಖಾತೆ ತೆರೆಯಿತು. ತಪ್ಪಾಯಿತು ಅನ್ನುವ ಒಂದು ಮಾತು ಯಾರ ಬಾಯಲ್ಲೂ ಬರಲಿಲ್ಲ. ವಾಪಸ್ ಬಸ್ಸಿನಲ್ಲಿ ಕೂತಾಗಲೂ ನನ್ನ ಸಿಟ್ಟು ಇಳಿದಿರಲಿಲ್ಲ.