ಹಮೀದಾಬಿಯ ಹೆಸರಲ್ಲಿ ಓಣಿಯ ಬಿಪಿ

ಶಹಾಬಾದಿನ ಓಣಿಯ ಫರ್ಸಿಕಲ್ಲುಗಳ ಮೇಲೆ ಈಗಷ್ಟೇ ಬೆಳಕು ಬೀಳುತ್ತಿದೆ. ಹಮೀದಾಬಿಯವರ ಮನೆಕಟ್ಟೆಯ ಮೇಲೆ ಕುಳಿತ ಆಶಾ ಕಾರ್ಯಕರ್ತೆ ಫಿರ್ದೋಸ್, ಎದುರುಮನೆಯ ಸುಗರಾಬಿಯ ತೋಳಿಗೆ ಬಿಪಿ ಮಷೀನಿನ ಪಟ್ಟಿ ಸುತ್ತುತ್ತಿದ್ದಾರೆ.

“ಚಾ ಕುಡದಿರೇನು, ಖಾಲಾ?”

“ನಿನ್ನಾಣಿ, ಇಲ್ಲವಾ.”

“ಮತ್ತ ತುಟಿ ಮ್ಯಾಲ ಕೆನಿ ಎಲ್ಲಿಂದ ಬಂತು?”

ಕಟ್ಟೆಯ ತುಂಬ ನಗು. ಸುಗರಾಬಿ ಸೆರಗಿನಿಂದ ಬಾಯಿ ಒರೆಸಿಕೊಂಡು, “ಸಕ್ರಿ ಸರಿ ಅದನೋ ಇಲ್ಲೋ ನೋಡ್ದೆ, ಅಷ್ಟೇ” ಎನ್ನುತ್ತಾರೆ. ಚಹಾ ಕುಡಿದವರು ಅರ್ಧ ಗಂಟೆ ಕಾಯಲೇಬೇಕು. ಒಬ್ಬರೇ ಕೂತು ಬೇಸರಪಟ್ಟುಕೊಂಡಾರೆಂದು ಪಕ್ಕದ ಮನೆಯ ಪೀರಮ್ಮ ತಮ್ಮ ಸರದಿ ಮುಗಿದರೂ ಏಳದೆ ಮೆಂತ್ಯ ಸೋಸುತ್ತ ಕೂರುತ್ತಾರೆ.

ಮಷೀನು ಹಮೀದಾಬಿಯವರದು. ಕಲಬುರಗಿಯಲ್ಲಿರುವ ಮೊಮ್ಮಗ ಫರ್ಹಾನ್ ತಂದುಕೊಟ್ಟದ್ದು. ಬಿಪಿ ನೋಡಿದ ಕೂಡಲೇ ಅಂಕಿ ಮೊಬೈಲಿಗೆ ಹೋಗುತ್ತದೆ, ಅಲ್ಲಿಂದ ಸರ್ಕಾರಿ ದವಾಖಾನೆಯ ಕಂಪ್ಯೂಟರಿಗೆ. ಇಂಥ ಮಷೀನುಗಳನ್ನು ಮೊಬೈಲಿಗೆ ಜೋಡಿಸುವುದು, ಮನೆಯವರ ಒಪ್ಪಿಗೆ ಪಡೆಯುವುದು, ಅಂಕಿ ತಲುಪಿತೇ ಎಂದು ನೋಡುವುದು ಫಿರ್ದೋಸ್ ಅವರ ಈಗಿನ ಕೆಲಸಗಳಲ್ಲೊಂದು. ದಿನಕ್ಕೆ ಹದಿನೈದಿಪ್ಪತ್ತು ಮನೆ. ನೆಟ್‌ವರ್ಕ್ ಸಿಗದ ದಿನ ಮೊಬೈಲ್ ಹಿಡಿದು ಮಾಳಿಗೆ ಹತ್ತಬೇಕು. “ಹಪ್ಪಳ ಒಣಗಿಸಾಕ ಬಂದೀರೇನ್ರಿ ಅಂತ ಕೇಳ್ತಾರ” ಎಂದು ಅವರೇ ನಗುತ್ತಾರೆ.

ಅವರ ಓದು ಪಿಯುಸಿಗೇ ನಿಂತಿತು. ತಾಯಿಗೆ ಆಗಾಗ ತಲೆನೋವು. ಅಮೃತಾಂಜನ ಹಚ್ಚಿ ಮಲಗುತ್ತಿದ್ದರು. ಒಂದು ದಿನ ಲಕ್ವ ಹೊಡೆಯಿತು, ಫಿರ್ದೋಸ್ ಕಾಲೇಜು ಬಿಟ್ಟರು. “ಅಮ್ಮಿಗೆ ಬಿಪಿ ಇತ್ತು ಅಂತ ಅವತ್ತೇ ನಮಗ ಗೊತ್ತಾಗಿದ್ದು” ಎನ್ನುವಾಗ ಮಾತ್ರ ಅವರ ದನಿ ತಗ್ಗುತ್ತದೆ.

ಹೋದ ವರ್ಷ ಒಂದು ಬೆಳಿಗ್ಗೆ ದವಾಖಾನೆಯ ಡಾಕ್ಟರ್ ಪೂನಮ್ ಫೋನ್ ಮಾಡಿದರು. ಹಮೀದಾಬಿಯವರ ಬಿಪಿ ಒಂದೇ ತಾಸಿನಲ್ಲಿ ನೂರಾ ಹತ್ತು, ನೂರಾ ನಲವತ್ತು, ನೂರಾ ಎಪ್ಪತ್ತು ಎಂದು ಕುಣಿದಾಡಿದೆ. ಗುಳಿಗೆ ಹೆಚ್ಚಿಸುವ ಮೊದಲು ಒಮ್ಮೆ ನೋಡಿ ಬನ್ನಿ ಎಂದರು. ಫಿರ್ದೋಸ್ ಓಡೋಡಿ ಬಂದರೆ ಹಮೀದಾಬಿ ಆರಾಮಾಗಿ ರೊಟ್ಟಿ ಬಡಿಯುತ್ತಿದ್ದಾರೆ!

“ನನಗೇನಾಗ್ಯದ? ಎಲ್ಲಾರೂ ಬಂದು ತೋಳು ಕೊಟ್ಟರು, ನೋಡ್ದೆ. ಒಬ್ಬಾಕೀನೇ ಇಟ್ಕೊಂಡು ಕುಂದ್ರಲೇನು ಮಷೀನು?”

ಓಣಿಯವರೆಲ್ಲರ ಬಿಪಿ ಹಮೀದಾಬಿಯ ಹೆಸರಲ್ಲೇ ಹೋಗಿತ್ತು. ಆದರೆ ಫಿರ್ದೋಸ್‌ಗೆ ನಗು ಬರಲಿಲ್ಲ. ನೂರಾ ಎಪ್ಪತ್ತು ಯಾರದು? ಬಂದವರನ್ನೆಲ್ಲ ಕೂರಿಸಿ ಮತ್ತೆ ನೋಡಿದರು. ಯಾರದೂ ಅಷ್ಟಿಲ್ಲ. ಆಗ ಪೀರಮ್ಮನಿಗೆ ನೆನಪಾಯಿತು: “ತಾಜುನ್ನಿಸಾನ ಸೊಸಿ ಮಹೆಕ್ ಬಂದಿದ್ದಳಲ್ಲ?”

ಏಳು ತಿಂಗಳ ಬಸುರಿ ಮಹೆಕ್, ದೂರದ ಕೊಡ್ಲಿ ಊರಿನ ತವರಿಗೆ ಹೊರಡಲು ಬ್ಯಾಗು ಕಟ್ಟುತ್ತಿದ್ದಳು. ಫಿರ್ದೋಸ್‌ರನ್ನು ಕಂಡದ್ದೇ ಕಣ್ಣು ತುಂಬಿಕೊಂಡಳು. “ಆಪಾ, ನಂದೇ ಜಾಸ್ತಿ ಬಂದಿತ್ತು, ಯಾರಿಗೂ ಹೇಳಬ್ಯಾಡ್ರಿ. ಹೇಳಿದ್ರ ನನಗ ಕಳಸಂಗಿಲ್ಲ. ಅಮ್ಮಿ ಹಸಿರು ಬಳಿ ತಂದಿಟ್ಟಾಳ.”

ಫಿರ್ದೋಸ್ ಬೈಯಲಿಲ್ಲ. ಪಕ್ಕದಲ್ಲಿ ಕುಳಿತು, “ಬಳಿಗೆ ಕಾಲಿಲ್ಲ ಖರೆ, ನಿಮ್ಮಮ್ಮಿಗೆ ಅದಾವಲ್ಲ. ಬಳಿ ತಗೊಂಡು ಆಕೀನೇ ಬರ್ಲಿ” ಎಂದರು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅತ್ತೆ ತಾಜುನ್ನಿಸಾ ಕೊಡ್ಲಿಗೆ ಫೋನ್ ಹಚ್ಚಿದರು. ಫಿರ್ದೋಸ್ ತಮ್ಮ ಗಂಡ ಅಬ್ದುಲ್ ಗನಿಯ ಆಟೋದಲ್ಲೇ ಮಹೆಕ್‌ಳನ್ನು ದವಾಖಾನೆಗೆ ಕರೆದೊಯ್ದರು. ಡಾಕ್ಟರ್ ಅಂದೇ ಗುಳಿಗೆ ಶುರು ಮಾಡಿದರು. ದೂರದ ಪ್ರಯಾಣ ಬೇಡ, ದಿನವೂ ಬಿಪಿ ಕಳಿಸಬೇಕು ಎಂದರು.

ಮರುದಿನದಿಂದ ಮಷೀನು ಒಂದೇ, ಹೆಸರು ಬೇರೆ ಬೇರೆ. ತಮ್ಮ ಅಂಕಿ ಯಾರಿಗೆ ಕಾಣಬೇಕೆಂದು ಪ್ರತಿಯೊಬ್ಬರನ್ನೂ ಕೇಳಿಯೇ ಫಿರ್ದೋಸ್ ಮೊಬೈಲಿನಲ್ಲಿ ಜೋಡಿಸಿಕೊಟ್ಟರು. “ಡಾಕ್ಟರ್‌ಗಷ್ಟೇ ಕಾಣ್ಲಿ, ಈ ಸುಗರಾಬಿಗೆ ಬ್ಯಾಡ” ಎಂದು ಹಮೀದಾಬಿ ಕರಾರು ಹಾಕಿದರು. ಕೊಡ್ಲಿಯಿಂದ ತಾಯಿ ಬಂದರು. ಬಳೆ ತೊಡಿಸುವ ಶಾಸ್ತ್ರ ಈ ಓಣಿಯಲ್ಲೇ ಆಯಿತು. ಪೀರಮ್ಮ ಹೋಳಿಗೆ ಮಾಡಿ ತಂದರು.

ಈಗ ಮಹೆಕ್‌ಳ ಮಗಳಿಗೆ ಹಲ್ಲು ಬರುತ್ತಿವೆ. ಸಿಕ್ಕಿದ್ದನ್ನೆಲ್ಲ ಕಚ್ಚುವ ಅವಳು ಇವತ್ತು ಫಿರ್ದೋಸ್‌ರ ಗುರುತಿನ ಚೀಟಿಯನ್ನೇ ಬಾಯಿಗಿಟ್ಟುಕೊಂಡಿದ್ದಾಳೆ. ಎಲ್ಲವನ್ನೂ ಮಷೀನೇ ಕಳಿಸುತ್ತದಲ್ಲ, ಇನ್ನು ನೀವು ಯಾಕೆ ಬೆಳಿಗ್ಗೆ ಬೆಳಿಗ್ಗೆ ಅಲೆಯಬೇಕು ಎಂದು ಯಾರಾದರೂ ಕೇಳಿದರೆ ಫಿರ್ದೋಸ್ ಮಗುವನ್ನು ಇನ್ನೊಂದು ಮಗ್ಗುಲಿಗೆ ಎತ್ತಿಕೊಳ್ಳುತ್ತಾರೆ.

“ಮಷೀನ್ ಭಾಳ ಶಾಣ್ಯಾ ಅದರಿ. ಎಷ್ಟು ಬಿಪಿ ಅಂತ ಬರೋಬರಿ ಹೇಳ್ತದ. ಆದ್ರ ತೋಳು ಯಾರದು, ಆಕೀ ಯಾಕ ಹೆದರ್ಯಾಳ, ಅದಕ್ಕ ಗೊತ್ತಾಗಂಗಿಲ್ಲ. ಅಷ್ಟು ನನಗ ಗೊತ್ತಾಗ್ತದ.”