ಕತೆಯಿಲ್ಲದ ಸಿನಿಮಾ ತೋರಿಸುತ್ತಿದ್ದ ಸಂಘ

ಐವತ್ತರ ದಶಕದ ಕೊನೆಯಲ್ಲಿ ಚಿನ್ನದ ಗಣಿಯ ಊರಾದ ನಮ್ಮ ಉರಿಗಾಂನಲ್ಲಿ ಒಂದು ಸಿನಿಮಾ ಸಂಘ ಇತ್ತು ಎಂದರೆ ಈಗಿನವರು ನಂಬುವುದಿಲ್ಲ. ಅದೂ ಹಾಡು, ಹೊಡೆದಾಟ, ಅತ್ತೆ ಸೊಸೆ ಯಾವುದೂ ಇಲ್ಲದ ಸಿನಿಮಾ. ಕಟ್ಟಿದವರು ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಆಳು ಸಣಕಲು, ಹಟ ಮಾತ್ರ ಗಟ್ಟಿ. ಬೆಂಗಳೂರಿನಿಂದ ಬಂದ ರೀಲಿನ ಡಬ್ಬವನ್ನು ಬಂಗಾರಪೇಟೆಯಲ್ಲಿ ತಾವೇ ಇಳಿಸಿಕೊಂಡು, ನಮ್ಮ ಕಡೆಯ ರೈಲು ಹತ್ತಿ, ಎಳೆಮಗುವನ್ನು ಇಟ್ಟುಕೊಂಡ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದರು. ಭಾನುವಾರ ಸಂಜೆ ಶಾಲೆಯ ದೊಡ್ಡ ಹಾಲ್‌ನ ಕಿಟಕಿಗಳಿಗೆ ಕರಿ ಕಂಬಳಿ ಕಟ್ಟಿದರೆ ಅದೇ ಟಾಕೀಸು.

ನಾನು ಬೂದಿಕೋಟೆ ಕಡೆಯಿಂದ ಮದುವೆಯಾಗಿ ಬಂದವಳು. ನಮ್ಮ ಯಜಮಾನರು ಚಿನ್ನದ ಗಣಿಯೊಳಗೆ ಇಳಿದು ದುಡಿಯುವವರು. ಮೇಷ್ಟ್ರ ಸ್ನೇಹಕ್ಕೆ ಕಟ್ಟುಬಿದ್ದು ಸಂಘ ಸೇರಿದ್ದರು, ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಮೊದಲ ದಿನ ಕಂಡದ್ದು ಬರೀ ಗೆರೆ. ಬಿಳಿ ಗೆರೆ ಕುಣಿಯಿತು, ಕರಿ ಗೆರೆ ಕುಣಿಯಿತು, ಮುಗಿಯಿತು. ಕತ್ತಲಲ್ಲೇ ಅವರೆಕಾಯಿ ಸುಲಿಯುತ್ತಿದ್ದ ಪಕ್ಕದ ಮನೆಯಾಕೆ, "ಇದ್ಕಾ ನಾನು ಒಸಾ ಸೀರೆ ಉಟ್ಕಂಡ್ ಬಂದಿದ್ದು?" ಅಂದಳು. ನಾನೂ ನಕ್ಕೆ.

ಮೇಷ್ಟ್ರು ಅದಕ್ಕೆಲ್ಲ ಬೇಸರಪಡುವ ಪೈಕಿಯಲ್ಲ. ಚಿತ್ರ ಮುಗಿದ ಮೇಲೆ ದೀಪ ಹಾಕಿ ಎಲ್ಲರನ್ನೂ ಮಾತಿಗೆ ಎಳೆಯುತ್ತಿದ್ದರು. ಅವರದು ಒಂದೇ ಕಟ್ಟಳೆ: "ಅರ್ಥ ಏನು ಅಂತ ಕೇಳಬೇಡಿ. ನಿಮಗೆ ಏನು ಕಂಡಿತು, ಅದನ್ನು ಹೇಳಿ." ತಮಿಳಾಗಲಿ, ತೆಲುಗಾಗಲಿ, ಕನ್ನಡವಾಗಲಿ, ಯಾವ ಮಾತಿನಲ್ಲಿ ಹೇಳಿದರೂ ಸರಿ. ಒಮ್ಮೆ ಹಾಲು ಹಾಕುವವನೊಬ್ಬ ಎದ್ದು, ಗೆರೆಗಳ ನಡುವೆ ತನಗೆ ಎಮ್ಮೆ ಕಂಡಿತು ಅಂದ. ಕೂತವರೆಲ್ಲ ನಕ್ಕರು, ಮೇಷ್ಟ್ರು ನಗಲಿಲ್ಲ. "ಯಾವ ಕಡೆ ಕಂಡಿತು, ಎಡಕ್ಕೋ ಬಲಕ್ಕೋ?" ಎಂದು ಕೇಳಿದರು. ಎಂಥವರ ಮಾತನ್ನೂ ಅಷ್ಟು ಮನಸ್ಸಿಟ್ಟು ಕೇಳುವ ಇನ್ನೊಬ್ಬರನ್ನು ನಾನು ಆಮೇಲೆ ಕಂಡಿಲ್ಲ.

ನನ್ನ ಸಂಕಟ ಬೇರೆಯೇ ಇತ್ತು. ಭೂಮಿಯೊಳಗೆ ಬಂಡೆ ಸಿಡಿದರೆ ಮೇಲೆ ನಮ್ಮ ಅಡುಗೆಮನೆಯ ಪಾತ್ರೆಗಳು ಅಲುಗುತ್ತಿದ್ದವು. ಕೇರಿಯ ಹೆಂಗಸರೆಲ್ಲ ಇದ್ದ ಕೆಲಸ ಬಿಟ್ಟು ಗಣಿಯ ಬಾಯಿಗೆ ಓಡುತ್ತಿದ್ದೆವು. ಯಜಮಾನರು ಮೇಲೆ ಬಂದ ಮೇಲೆ, "ಅಲ್ಲಿ ಎಂಗಿರ್ತದೆ, ಒಸಿ ಯೋಳಿ" ಎಂದರೆ, "ಅದೆಲ್ಲ ನಿಂಗ್ಯಾಕೆ, ಮುದ್ದೆ ಇಕ್ಕು" ಅನ್ನುವರು. ಗಣಿಯ ಮಾತನ್ನು ಹೊಸಿಲು ದಾಟಿಸಬಾರದು ಎನ್ನುವುದು ಕೇರಿಯ ಗಂಡಸರ ಪದ್ಧತಿ. ಹೆಂಗಸರನ್ನು ಕೆಳಗೆ ಇಳಿಸುತ್ತಲೂ ಇರಲಿಲ್ಲ. ಕಟ್ಟಿಕೊಂಡವನು ದಿನಾ ಎಲ್ಲಿಗೆ ಇಳಿದು ಹೋಗುತ್ತಾನೆಂದು ತಿಳಿಯದೆ ಸಂಸಾರ ಮಾಡುವುದು ನನ್ನ ಮೈಯೆಲ್ಲ ಉರಿಸುತ್ತಿತ್ತು. ಬಾಯಿಬಿಡದ ಗಂಡನಿಗಿಂತ ಬಯ್ಯುವ ಗಂಡನೇ ವಾಸಿ ಅನ್ನಿಸಿದ್ದೂ ಉಂಟು.

ಹೀಗಿರುವಾಗ ಒಂದು ಭಾನುವಾರ ಹೊಸ ರೀಲು ಬಂತು. ಮಿಷಿನ್ ತಿರುಗಿತು, ಪರದೆ ಮಾತ್ರ ಕಪ್ಪಗೇ ಇತ್ತು. ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹುಡುಗರು ಶಿಳ್ಳೆ ಹೊಡೆದರು, "ಮಿಷಿನ್ ಕೆಟ್ಟೋಯ್ತು" ಎಂದರು. "ಕೆಟ್ಟಿಲ್ಲ, ನೋಡಿ" ಎಂದರು ಮೇಷ್ಟ್ರು. ಬಹಳ ಹೊತ್ತಿನ ಮೇಲೆ ದೂರದಲ್ಲಿ ಒಂದು ಬೆಳಕಿನ ಚುಕ್ಕಿ ನಡುಗುತ್ತ ಬಂತು. ಯಾರು ಹಿಡಿದಿದ್ದರೋ ಕಾಣಲಿಲ್ಲ. ಹತ್ತಿರ ಬಂದು ಆರಿಹೋಯಿತು. ಅಷ್ಟೇ ಸಿನಿಮಾ. ತೆಗೆದ ಪುಣ್ಯಾತ್ಮ ಯಾವ ದೇಶದ ಯಾವ ಗುಹೆಯಲ್ಲಿ ತೆಗೆದಿದ್ದನೋ, ನಮ್ಮ ಹಾಲ್‌ನಲ್ಲಿ ಕೂತವರಿಗೆ ಅದು ನಮ್ಮ ಗಣಿಯೇ ಆಗಿತ್ತು.

ದೀಪ ಹಾಕಿದರು. ಮೊದಲು ಎದ್ದವರು ನಮ್ಮ ಯಜಮಾನರು.

"ದೀಪ ಆರೋದ್ರೆ ಇಂಗೇ ಇರ್ತದೆ ಮೇಷ್ಟ್ರೇ. ಕಣ್ ಬುಟ್ರೂ ಒಂದೇ, ಮುಚ್ಚಿದ್ರೂ ಒಂದೇ. ಒಂದ್ಸಲ ನಾನೊಬ್ನೇ ಸಿಕ್ಕಾಕ್ಕಂಡಿದ್ದೆ. ಯಾರೋ ದೀಪ ಇಡ್ಕಂಡು ಬರೋಗಂಟ ಗೋಡೆ ತಬ್ಕಂಡು ಕುಂತಿದ್ದೆ. ಇವತ್ಗೂ ಆ ಕಬ್ಣದ ಕೇಜಲ್ಲಿ ಗಣಿಗೆ ಇಳಿಯೋವಾಗ ದಿನಾ ಬಯ ಆಗ್ತದೆ."

ಅವರು ಕೂತರು. ಹಿಂದಿನಿಂದ ಇನ್ನೊಬ್ಬರು ಎದ್ದು ತಮಿಳಿನಲ್ಲಿ ಶುರು ಮಾಡಿದರು. ಆಮೇಲೆ ಮತ್ತೊಬ್ಬರು. ಗಂಡಸರು ಹೇಳುತ್ತ ಹೋದರು, ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಕೇಳಿದೆವು. ಮೇಷ್ಟ್ರು ನೆಲದ ಮೇಲೆ ಕೂತು ಕೇಳಿದರು. ಆ ರೀಲು ಇನ್ನೊಮ್ಮೆ ಬೇಕೆಂದು ಕೇರಿಯ ಹೆಂಗಸರು ಪಟ್ಟು ಹಿಡಿದದ್ದಕ್ಕೆ ಅವರು ಮತ್ತೆ ಮತ್ತೆ ತರಿಸಿದರು. ಅರವತ್ತರ ದಶಕದ ನಡುವೆ ಅವರಿಗೆ ವರ್ಗವಾಯಿತು, ಸಂಘವೂ ನಿಂತಿತು. ಬೆಂಗಳೂರಿನವರಿಗೂ ಕಟ್ಟಲು ಕಷ್ಟವಾದುದನ್ನು ಆ ಮನುಷ್ಯ ನಮ್ಮಂಥವರನ್ನು ನೆಚ್ಚಿ ಕಟ್ಟಿದ್ದರಲ್ಲ, ನೆನೆದರೆ ಇಂದಿಗೂ ಕೈ ಮುಗಿಯಬೇಕು ಅನ್ನಿಸುತ್ತದೆ.

ಆದರೆ ಆ ರೀಲು ಮೊದಲು ತೋರಿಸಿದ ಸಂಜೆ ಮನೆಯ ದಾರಿ ಹಿಡಿದಾಗ ನಾನು ಕೆಂಡವಾಗಿದ್ದೆ. ಊರಿಗೆಲ್ಲ ಹೇಳಿದ್ದನ್ನು ನನಗೆ ಹೇಳಲಿಲ್ಲವಲ್ಲ.

"ಅಷ್ಟ್ ಜನದ ಮುಂದೆ ಯೋಳಿದ್ರಿ. ನಂಗ್ಯಾಕೆ ಯೋಳಲಿಲ್ಲ?"

ಅವರು ನಡಿಗೆ ನಿಧಾನ ಮಾಡಿದರು. "ನಂಗೂ ಬಯ, ನಿಂಗೂ ಬಯ ಅಂತಾದ್ರೆ, ಬೆಳಗೆದ್ದು ಒಲೆ ಅಚ್ಚೋರ್ ಯಾರು ಅಮ್ಮಿ?"

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಇಷ್ಟು ವರ್ಷ ಈ ಮನುಷ್ಯ ತಮ್ಮ ಭಯವನ್ನು ಒಬ್ಬರೇ ನುಂಗಿಕೊಂಡಿದ್ದರಲ್ಲ.

"ಎದರ್ಕೊಂಡ್ರೆ ಇಬ್ರೂ ಎದರ್ಕೊಳಾನ ಬುಡಿ. ಒಲೆ ನಾನು ಅಚ್ತೀನಿ" ಎಂದೆ.

ಮಾರನೆಯ ದಿನ ಪಾಳಿ ಮುಗಿಸಿ ಬಂದವರು ಕಾಲು ತೊಳೆದು, ಅಡುಗೆಮನೆಯ ಬಾಗಿಲಲ್ಲಿ ಕೂತು, ನಾನು ಕೇಳುವ ಮೊದಲೇ ಹೇಳಿದರು: "ಇವತ್ತು ಕೆಳ್ಗೆ ಸೆಕೆ ಜಾಸ್ತಿ ಇತ್ತು."