ತಣ್ಣಗಿದ್ದ ರಿಯಾಕ್ಟರ್

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ಬಣ್ಣಕ್ಕೆ ಬೇಕಾದ ರಾಸಾಯನಿಕ ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ ನಾನು ಕೆಮಿಸ್ಟ್ ಆಗಿದ್ದೆ. ಮೈಸೂರಿನಲ್ಲಿ ಬಿಎಸ್ಸಿ ಮುಗಿಸಿ ಬಂದ ನನಗೆ ಆ ಕೆಲಸ ಕೊಡಿಸಿದವರು ಅಲ್ಲಿನ ಸೂಪರ್‌ವೈಸರ್, ಉಡುಪಿ ಕಡೆಯವರು. ಅಣ್ಣ ಎಂದೇ ಕರೆಯುತ್ತಿದ್ದೆ. ನಮ್ಮ ಬಿಲ್ಡಿಂಗಿನಲ್ಲೇ ಕೆಳಗಿನ ಮನೆ ಅವರದು. ಅತ್ತಿಗೆ ಕೊಡುತ್ತಿದ್ದ ನೀರುದೋಸೆ ತಿಂದೇ ನಾನು ಬದುಕಿದ್ದು ಎಂದರೂ ತಪ್ಪಲ್ಲ. ಅಂಥವರನ್ನು ಎಲ್ಲರೆದುರು ದೂಡಿಬಿಟ್ಟೆ.

ಕೆಲಸವೇನೋ ಸರಳ. ರಿಯಾಕ್ಟರಿನಲ್ಲಿದ್ದ ಎಣ್ಣೆಯಂಥ ದ್ರವಕ್ಕೆ ಮೇಲಿನ ಟ್ಯಾಂಕಿನಿಂದ ಆಸಿಡ್ ಸಣ್ಣಗೆ ಬಿಡಬೇಕು. ಎರಡೂ ಕೂಡಿದಾಗ ಬಿಸಿ ಹುಟ್ಟುತ್ತದೆ, ಸುತ್ತ ಹರಿಯುವ ತಣ್ಣೀರು ಅದನ್ನು ಎಳೆದುಕೊಳ್ಳುತ್ತದೆ. ಆ ವಾರ ನೀರು ತಣ್ಣಗಾಗಿಸುವ ಹೊಸ ಚಿಲ್ಲರ್ ಬಂದಿತ್ತು. ನೀರು ಎಂದಿಗಿಂತ ಬಹಳ ತಣ್ಣಗಿತ್ತು. ಅರ್ಧ ಆಸಿಡ್ ಒಳಗೆ ಹೋದರೂ ಥರ್ಮಾಮೀಟರಿನ ಮುಳ್ಳು ಅಲ್ಲಾಡಲಿಲ್ಲ. ಎಲ್ಲರಿಗೂ ಖುಷಿಯೋ ಖುಷಿ. ನಾನು ಮಾತ್ರ ಆ ಮುಳ್ಳನ್ನೇ ನೋಡುತ್ತಾ ನಿಂತೆ.

ಎಂಥಾಲ್ಪಿ, ಮುಕ್ತ ಶಕ್ತಿ ಎಂದು ಬಾಯಿಪಾಠ ಹೊಡೆದು ಮಾರ್ಕ್ಸ್ ತೆಗೆದವನು ನಾನು. ಎಷ್ಟು ಬಿಸಿ ಹೊರಬರುತ್ತದೆ ಎಂದು ಎಂಥಾಲ್ಪಿ ಹೇಳುತ್ತದೆ. ಮುಕ್ತ ಶಕ್ತಿ ಇಳಿಯುವಂತಿದ್ದರೆ ಕ್ರಿಯೆ ತಾನಾಗಿಯೇ ನಡೆಯುವಂಥದ್ದು, ಯಾರೂ ದೂಡಬೇಕಿಲ್ಲ. ಆದರೆ ಯಾವಾಗ ನಡೆಯುತ್ತದೆ? ಅದನ್ನು ಆ ಲೆಕ್ಕ ಹೇಳುವುದೇ ಇಲ್ಲ. ಪರೀಕ್ಷೆಗೆಂದು ಉರು ಹೊಡೆದ ಆ ವಾಕ್ಯ ನನಗೆ ಅರ್ಥವಾದದ್ದು ಆ ಮಧ್ಯಾಹ್ನ. ಬಿಸಿ ಬರುತ್ತಿಲ್ಲವೆಂದರೆ ಆ ಥಂಡಿಗೆ ಆಸಿಡ್ ಕೂಡುತ್ತಿಲ್ಲ, ಸುಮ್ಮನೆ ಒಳಗೆ ಜಮೆಯಾಗುತ್ತಿದೆ. ಬೂದಿ ಮುಚ್ಚಿದ ಕೆಂಡ ಅದು. ಸ್ವಲ್ಪ ಬಿಸಿ ತಗುಲಿದರೆ ಸಾಕು, ಜಮೆಯಾದದ್ದೆಲ್ಲ ಒಮ್ಮೆಲೇ ಕೂಡಿ ಸಿಡಿಯಬಹುದು.

"ಅಣ್ಣ, ಆಸಿಡ್ ನಿಲ್ಸಿ!" ಎಂದು ಕೂಗಿದೆ.

"ಎಂತ ಮಾರಾಯ, ಬಿಸಿಯಾದ್ರೂ ಬೊಬ್ಬೆ, ತಣ್ಣಗಿದ್ರೂ ಬೊಬ್ಬೆಯಾ?" ಎಂದು ನಗುತ್ತಲೇ ಆಸಿಡ್ ನಿಲ್ಲಿಸಿದರು. ಮುಳ್ಳು ನೋಡಿ, "ಹೌದು, ಮಲಗಿದೆ ಇದು. ಸ್ವಲ್ಪ ಸ್ಟೀಮ್ ಕೊಟ್ಟು ಎಬ್ಬಿಸುವಾ" ಎಂದು ಸ್ಟೀಮಿನ ವಾಲ್ವಿಗೆ ಕೈ ಹಾಕಿದರು.

"ಮುಟ್ಬೇಡಿ! ಒಳಗಿರೋದೆಲ್ಲ ಒಂದೇ ಸಲ ಎದ್ರೆ ನೀವೂ ಇರಲ್ಲ, ನಾನೂ ಇರಲ್ಲ!"

"ನಿನ್ನ ಪುಸ್ತಕದ ಬದನೆಕಾಯಿ ಇಲ್ಲಿ ಬೇಯುದಿಲ್ಲ. ನೀನು ಹುಟ್ಟುವ ಮೊದ್ಲಿಂದ ಇದೇ ಮಾಡುದು ನಾನು."

ನನಗೆ ಸಿಟ್ಟು ನೆತ್ತಿಗೇರಿತು. ಭಯವೂ ಅಷ್ಟೇ ಇತ್ತೆನ್ನಿ. ಅವರನ್ನು ದೂಡಿ, ರಿಯಾಕ್ಟರಿನ ತಳದ ವಾಲ್ವ್ ತೆರೆದು, ಇಡೀ ಬ್ಯಾಚನ್ನು ಕೆಳಗೆ ಇಂಥ ಅಪಾಯಕ್ಕೆಂದೇ ಇಟ್ಟಿದ್ದ ನೀರಿನ ತೊಟ್ಟಿಗೆ ಬಿಟ್ಟುಬಿಟ್ಟೆ. ಮಾಲೆಲ್ಲ ಹಾಳು. ಯಾರಿಗೂ ಏನೂ ಆಗಲಿಲ್ಲ.

ಸಂಜೆ ಮಾಲೀಕರು ಕರೆಸಿದರು. ನಾನು ಅದೇ ಮುಕ್ತ ಶಕ್ತಿ, ಎಂಥಾಲ್ಪಿಗಳ ಲೆಕ್ಕವನ್ನು ಡೆಲ್ಟಾ ಜಿ, ಡೆಲ್ಟಾ ಹೆಚ್ ಎಂದು ತೊದಲಿದೆ. ಅವರು ಕೇಳಿದ್ದು ಇಷ್ಟೇ: "ಕುಛ್ ಹುವಾ ಕ್ಯಾ?" ಏನಾದರೂ ಆಯಿತಾ ಎಂದು. ಅಯ್ಯೋ ದೇವರೇ, ಆಗದೆ ಉಳಿದದ್ದಕ್ಕೆ ಸಾಕ್ಷಿ ಎಲ್ಲಿಂದ ತರಲಿ? ನಾಳೆಯಿಂದ ಬರಬೇಡ ಎಂದರು. ಅಣ್ಣ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದರು.

ನನಗೇನು, ಐರೋಲಿಯ ಒಂದು ಆಫೀಸಿನಲ್ಲಿ ಕುಳಿತು ಮಾಡುವ ಕೆಲಸ ಸಿಕ್ಕಿತು. ಅಣ್ಣ ಅದೇ ರಿಯಾಕ್ಟರಿನ ಮುಂದೆ ಉಳಿದರು. ಒಂದು ಭಾನುವಾರ ಅವರ ಮನೆಗೆ ಹೋಗಿ, ಅತ್ತಿಗೆಯ ಎದುರೇ ಕೈಮುಗಿದೆ. "ಆಸಿಡ್ ಹೋಗ್ತಾ ಇದ್ರೂ ಬಿಸಿ ಏರ್ದೆ ಇದ್ರೆ ಸ್ಟೀಮ್ ಮಾತ್ರ ಕೊಡ್ಬೇಡಿ ಅಣ್ಣ."

"ಮೊನ್ನೆಯೂ ಕೊಟ್ಟೆ. ಏನೂ ಆಗ್ಲಿಲ್ಲ ನೋಡು," ಎಂದರು. ಮಾತಿನಲ್ಲಿ ಕೋಪವಿರಲಿಲ್ಲ. ನನ್ನನ್ನು ಸಮಾಧಾನ ಮಾಡುವ ದನಿ ಅದು.

ಚಿಲ್ಲರ್ ಮೊನ್ನೆ ಅಷ್ಟು ತಣ್ಣಗಿರಲಿಲ್ಲವೇನೋ, ಜಮೆಯಾದ ಆಸಿಡ್ ಕಡಿಮೆಯಿತ್ತೇನೋ. ಅದನ್ನೆಲ್ಲ ಹೇಳಿದೆ. ಕೇಳಿಸಿಕೊಂಡರು, ಊಟ ಮಾಡಿ ಹೋಗು ಎಂದರು. ಕೊನೆಗೆ ಸೋತು, ಪಾಳಿ ಮುಗಿದ ಮೇಲೆ ದಿನಾ ಒಂದು ಮಿಸ್ಡ್ ಕಾಲ್ ಆದರೂ ಕೊಡಿ ಎಂದು ಬೇಡಿಕೊಂಡೆ. ಹುಚ್ಚ ಎಂದು ನಕ್ಕು ಒಪ್ಪಿದರು.

ಮಾತಿಗೆ ತಪ್ಪಲಿಲ್ಲ ಅವರು. ಆಫೀಸಿನಿಂದ ಮರಳುವಾಗ ಥಾಣೆಯಲ್ಲಿ ಲೋಕಲ್ ರೈಲು ಬದಲಿಸುವ ಹೊತ್ತಿಗೆ ಫೋನ್ ಒಮ್ಮೆ ರಿಂಗಾಗಿ ನಿಲ್ಲುತ್ತಿತ್ತು. ಆ ನೂಕುನುಗ್ಗಲಿನಲ್ಲಿ ನಿಂತಲ್ಲೇ ಉಸಿರು ಬಿಡುತ್ತಿದ್ದೆ. ಸದ್ಯ, ಬದುಕಿದ್ದಾರೆ. ಆದರೆ ಹಾಗೆ ಬದುಕಿ ಬಂದ ಒಂದೊಂದು ಸಂಜೆಯೂ ನನ್ನ ಮಾತು ಅವರ ಪಾಲಿಗೆ ಇನ್ನಷ್ಟು ಸುಳ್ಳಾಗುತ್ತಿತ್ತು.